ಕಾಲ್ಚೆಂಡಾಟಗಾರ ಅಹಮದ್ ಖಾನರೂ ನಾವು ಕಲಿತ ಒಂದು ಪಾಠವೂ

ಸ್ಮರಣ ಸಂಚಿಕೆಯು ಅಚ್ಚಿಗೆ ಹೋಗುವ ಕಾಲಕ್ಕೆ ಮುಖ್ಯೋಪಾಧ್ಯಾಯಿನಿಯಿಂದ ಒಂದು ಲೇಖನವನ್ನು ಬೇಡುವುದು ನಮ್ಮ ಶಾಲೆಯಲ್ಲಿ ನಡೆದುಬಂದಿರುವ ವಾಡಿಕೆ. ಪರೀಕ್ಷೆಯ ಫಲಿತಾಂಶ, ಹೊಸ ಕೊಠಡಿಗಳ ಕಟ್ಟಡ, ವಾಚನಾಲಯದ ಪುಸ್ತಕಗಳ ಲೆಕ್ಕ, ಇವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದೇ ಬರುತ್ತವೆ. ಅವನ್ನೇ ಮತ್ತೊಮ್ಮೆ ಹೇಳಿ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕ ಮಹಾಶಯರ ತಾಳ್ಮೆಯನ್ನು ಪರೀಕ್ಷಿಸುವುದು ಯುಕ್ತವಲ್ಲವೆಂದು ತೋರಿದುದರಿಂದ, ಈ ಸಾರಿ ಕಾಲ್ಚೆಂಡಾಟದ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಲು ಮನಸ್ಸು ಮಾಡಿರುತ್ತೇವೆ. ಇದನ್ನು ಕೇಳಿ ನಮ್ಮನ್ನು ಬಲ್ಲವರು ನಗಬಹುದು. ನಾವು ಜೀವಮಾನದಲ್ಲಿ ಒಂದು ಗೋಲನ್ನೂ ಹೊಡೆದವರಲ್ಲ. ಆದರೂ ಈ ಆಟದಿಂದ ನಮಗಾದ ಉಪಕಾರವೊಂದುಂಟು. ಅದನ್ನು ಮರೆಮಾಚುವುದು ಕೃತಘ್ನತೆಯಾದೀತು.

ನಮ್ಮ ತಾತನವರು ಬೆಂಗಳೂರಿನ ಬಟ್ಟೆಯ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. ಅವರಿಗೆ ಇದ್ದ ಚಟವೆಂದರೆ ಒಂದೇ, ಸಂಜೆಯ ಹೊತ್ತು ಕಾಲ್ಚೆಂಡಾಟವನ್ನು ನೋಡುವುದು. ನಾವು ಏಳೆಂಟು ವರ್ಷದವರಾಗಿದ್ದಾಗ ಅವರು ಮುಪ್ಪಿನಿಂದ ಮೂಲೆ ಸೇರಿದ್ದರು. ಜಗಲಿಯ ಮೇಲೆ ಕುಳಿತು, ತಾವು ಕಂಡ ಆಟಗಳನ್ನು ನಿನ್ನೆ ನಡೆದಂತೆ ವರ್ಣಿಸುತ್ತಿದ್ದರು. ಆ ವರ್ಣನೆಗಳಲ್ಲಿ ಮೇಲಿಂದ ಮೇಲೆ ಬರುತ್ತಿದ್ದ ಹೆಸರು ಅಹಮದ್ ಖಾನರದು. “ಚೆಂಡಿಗೂ ಅವನ ಕಾಲಿಗೂ ದಾರ ಕಟ್ಟಿದಂತಿರುತ್ತಿತ್ತು, ಮಗು” ಎಂದು ತಾತನವರು ಹೇಳುವಾಗ ಅವರ ಬಲಗಾಲು ತಾನಾಗಿಯೇ ಜಗಲಿಯ ಅಂಚಿನಲ್ಲಿ ಮೆಲ್ಲಗೆ ಅಲ್ಲಾಡುತ್ತಿತ್ತು. ನಮಗೂ ಓಣಿಯ ಹುಡುಗರೊಡನೆ ಚೆಂಡನ್ನೊದೆಯುವ ಆಸೆಯಾಯಿತು. ನಮ್ಮ ತಾಯಿಯವರು ತಲೆಬಾಗಿಲಲ್ಲಿ ನಿಂತು ಒಂದೇ ಸಾರಿ ಕೂಗಿದರು. ನಾವು ಒಳಗೆ ಹೋದೆವು. ತಾತನವರು ಏನೂ ಹೇಳಲಿಲ್ಲ. ನಮ್ಮ ಕಾಲ್ಚೆಂಡಾಟವು ಅಲ್ಲಿಗೆ ಮುಗಿಯಿತು.

ವರ್ಷಗಳು ಉರುಳಿದುವು. ಶಿಕ್ಷಕಿಯ ತರಬೇತಿಯನ್ನು ಮುಗಿಸಿ, ಹಲವು ಊರುಗಳಲ್ಲಿ ಪಾಠ ಹೇಳಿ, ಕಡೆಗೆ ಕಾಕನಕೋಟೆಯ ಕಾಡಿನ ಸೆರಗಿನಲ್ಲಿರುವ ಈ ಸೀಮೆಗೆ ಬಂದೆವು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆಯೆಂದರೆ ನಾಡಿನವರಿಗೆ ಮಾಸ್ತಿಯವರ ನಾಟಕವೂ ಆನೆಗಳನ್ನು ಹಿಡಿಯುತ್ತಿದ್ದ ಖೆಡ್ಡಾವೂ ನೆನಪಿಗೆ ಬರುವುವು. ಆ ಖೆಡ್ಡಾಗಳು 1971ಕ್ಕೆ ಕೊನೆಗೊಂಡುವು. 1974ರಲ್ಲಿ ಕಬಿನಿಗೆ ಅಣೆಕಟ್ಟು ಮುಗಿದು ಹಿನ್ನೀರು ನಿಂತಿತು. ಕಾಡಿನಲ್ಲಿದ್ದ ಎಷ್ಟೋ ಹಾಡಿಗಳವರು ಹೊರಗೆ ಬಂದು ನೆಲೆಸಿದರು. ಬೇಸಗೆಯಲ್ಲಿ ಹಿನ್ನೀರು ಹಿಂದಕ್ಕೆ ಸರಿದಾಗ ಕಣ್ಣು ಹಾಯುವಷ್ಟು ದೂರ ಹಸುರು ಬಯಲು ಬಿಡುವುದನ್ನು ಇಲ್ಲಿಯವರೆಲ್ಲರೂ ಬಲ್ಲರು. ಕಾಡಿನ ಕಡೆ ಆ ಹುಲ್ಲಿಗೆ ಆನೆಗಳು ಬರುತ್ತವೆ. ಊರಿನ ಕಡೆ ಮಕ್ಕಳು ಚೆಂಡು ಹಿಡಿದು ಬರುತ್ತಾರೆ.

ಅಂತಹ ಬಯಲಿನಲ್ಲಿ ಆಡಿ ಕಲಿತಿದ್ದ ಒಬ್ಬ ಬಾಲಿಕೆಯು 2022ರಲ್ಲಿ ನಮ್ಮ ಎಂಟನೆಯ ತರಗತಿಯಲ್ಲಿದ್ದಳು. ಹಾಡಿಯಿಂದ ದಿನವೂ ನಡೆದು ಬರುತ್ತಿದ್ದಳು. ಪಾಠದಲ್ಲಿ ಸಾಮಾನ್ಯಳು, ಮಾತಿನಲ್ಲಿ ಅದಕ್ಕಿಂತಲೂ ಕಡಮೆ. ಆದರೆ ಚೆಂಡು ಕಾಲಿಗೆ ಸಿಕ್ಕಿತೆಂದರೆ ಅವಳು ಬೇರೊಬ್ಬಳೇ ಆಗುತ್ತಿದ್ದಳು. ಐದಾರು ಹುಡುಗಿಯರ ನಡುವೆ ನುಸುಳಿ, ಯಾರನ್ನೂ ತಾಗದೆ, ಆಚೆಯ ಬದಿಯಲ್ಲಿ ಚೆಂಡಿನೊಡನೆ ಕಾಣಿಸಿಕೊಳ್ಳುತ್ತಿದ್ದಳು. ಆಡುತ್ತಿದ್ದುದು ಬರಿಗಾಲಿನಲ್ಲಿ.

ಆ ವರ್ಷ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ನಮ್ಮ ಬಾಲಿಕೆಯರ ತಂಡವನ್ನು ಕಳುಹಿಸಬೇಕೆಂದು ನಿಶ್ಚಯವಾಯಿತು. ಪಂದ್ಯದಲ್ಲಿ ಪಾದರಕ್ಷೆಯಿಲ್ಲದೆ ಯಾರೂ ಆಡತಕ್ಕದ್ದಲ್ಲವೆಂಬುದು ಆಟದ ಕಟ್ಟಳೆ. ಆದುದರಿಂದ ನಾವು ದಾನಿಗಳ ಹಣದಲ್ಲಿ ಮೈಸೂರಿನಿಂದ ಬೂಟುಗಳನ್ನು ತರಿಸಿ, ಬೂಟಿಲ್ಲದೆ ಶಾಲೆಯ ಮೈದಾನಕ್ಕೂ ಯಾರೂ ಇಳಿಯಕೂಡದೆಂದು ನಿಯಮ ಮಾಡಿದೆವು. ಈ ನಿಯಮವನ್ನು ನಮ್ಮ ಮೇಲೆ ಯಾರೂ ಹೇರಿದುದಲ್ಲ. ಅದು ನಮ್ಮದೇ ಬುದ್ಧಿ. ಬರಿಗಾಲು ಬಡತನದ ಗುರುತು, ಅದನ್ನು ನಮ್ಮ ಮಕ್ಕಳಿಂದ ತೊಲಗಿಸಬೇಕು ಎಂಬುದು ನಮ್ಮ ಸದಾಶಯವಾಗಿತ್ತು.

ಆ ಬಾಲಿಕೆಯು ಬೂಟು ಹಾಕಿಕೊಂಡು ಎರಡು ದಿನ ಎಡವಿದಳು. ಮೂರನೆಯ ದಿನ ಆಯ್ಕೆಯ ಆಟ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವಳು ಗೆರೆಯ ಹೊರಗೆ ಕುಳಿತು, ಬೂಟುಗಳನ್ನು ಬಿಚ್ಚಿ, ಜೋಡಿಸಿಟ್ಟು, ಬರಿಗಾಲಿನಲ್ಲಿ ಮತ್ತೆ ಒಳಗೆ ಓಡಿದಳು. ನಾವು ಸೀಟಿ ಊದಿಸಿ ಆಟವನ್ನು ನಿಲ್ಲಿಸಿದೆವು. ಎಲ್ಲ ತರಗತಿಗಳ ಮಕ್ಕಳೂ ನೋಡುತ್ತಿದ್ದಂತೆ, ಕೊಟ್ಟುದನ್ನು ಮರ್ಯಾದೆಯಿಂದ ತೊಡಲಾರದವಳಿಗೆ ತಂಡದಲ್ಲಿ ಸ್ಥಳವಿಲ್ಲವೆಂದು ಹೇಳಿ ಹೊರಗೆ ಕಳುಹಿಸಿದೆವು. ಅವಳು ಎದುರು ಮಾತನಾಡಲಿಲ್ಲ. ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಹೊರಟುಹೋದಳು. ಮರುದಿನ ಶಾಲೆಗೆ ಬರಲಿಲ್ಲ. ಆ ವಾರವೂ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಒಂದರ ಕೆಳಗೊಂದು ಸಾಲಾಗಿ ನಿಂತುವು. ಹಾಡಿಯ ಮಕ್ಕಳು ಹೀಗೆ ನಡುವೆ ಬಿಡುವುದುಂಟೆಂದು ನಾವು ಸಮಾಧಾನ ಹೇಳಿಕೊಂಡೆವು.

ಅಷ್ಟರಲ್ಲಿ ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನವು ಸಮೀಪಿಸಿತು. ಕನ್ನಡ ನಾಡಿನ ಒಬ್ಬ ಆಟಗಾರರ ವಿಷಯವಾಗಿ ಮಕ್ಕಳಿಗೆ ಉಪನ್ಯಾಸ ಮಾಡಬೇಕೆಂದು ಆಟದ ಅಧ್ಯಾಪಕಿಯವರು ಕೇಳಿಕೊಂಡರು. ನಮಗೆ ಒಡನೆಯೇ ನೆನಪಾದವರು ತಾತನವರ ಅಹಮದ್ ಖಾನರು. ರಾತ್ರಿ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಮುಂದಿಟ್ಟುಕೊಂಡು ಟಿಪ್ಪಣಿ ಮಾಡತೊಡಗಿದೆವು.

ಅಹಮದ್ ಖಾನರು 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರದು ಕಾಲ್ಚೆಂಡಿನ ಮನೆತನ. ಸಹೋದರರೂ ಆಟಗಾರರೇ. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡದಲ್ಲಿ ಅವರು ಹೆಸರು ಗಳಿಸಿದರು. ಈ ತಂಡವು ಸಾಮಾನ್ಯವಾದುದಲ್ಲ. ಬೊಂಬಾಯಿಯ ರೋವರ್ಸ್ ಕಪ್ಪನ್ನು ಅದುವರೆಗೆ ಸೈನ್ಯದ ತಂಡಗಳೇ ಒಯ್ಯುತ್ತಿದ್ದುವು. 1937ರಲ್ಲಿ ಅದನ್ನು ಮೊದಲು ಗೆದ್ದ ನಾಗರಿಕರ ತಂಡ ಇದೇ. ಮುಂದೆ 1946–47ರಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಮೊದಲ ಬಾರಿಗೆ ತನ್ನದಾಗಿಸಿಕೊಂಡಿತು. ಕಾಲ್ಚೆಂಡೆಂದರೆ ಕಲ್ಕತ್ತೆ ಎಂದು ನಂಬಿದ್ದವರೆಲ್ಲರೂ ಬೆಂಗಳೂರಿನ ಕಡೆಗೆ ತಿರುಗಿ ನೋಡಿದರು.

ಸ್ವತಂತ್ರ ಭಾರತವು 1948ರಲ್ಲಿ ಲಂಡನ್ನಿನ ಒಲಿಂಪಿಕ್ ಕೂಟಕ್ಕೆ ಕಾಲ್ಚೆಂಡಿನ ತಂಡವನ್ನು ಕಳುಹಿಸಿದಾಗ ಅದರಲ್ಲಿ ಅಹಮದ್ ಖಾನ್, ಧನರಾಜ್, ರಾಮನ್ ಮೊದಲಾಗಿ ಮೈಸೂರು ಸಂಸ್ಥಾನದ ಹಲವರಿದ್ದರು. ನಾಯಕರು ನಾಗಾ ನಾಡಿನ ವೈದ್ಯರಾದ ತಾಲಿಮೆರೆನ್ ಆವೋ ಅವರು. ಜುಲೈ 31ರಂದು ಇಲ್‌ಫರ್ಡಿನ ಮೈದಾನದಲ್ಲಿ ಫ್ರಾನ್ಸಿನೊಡನೆ ಪಂದ್ಯ. ಎದುರಾಳಿಗಳೆಲ್ಲರೂ ಬೂಟು ತೊಟ್ಟವರು. ನಮ್ಮವರಲ್ಲಿ ಹೆಚ್ಚು ಮಂದಿ ಬರಿಗಾಲಿನವರು, ಕೆಲವರು ಪಟ್ಟಿ ಸುತ್ತಿಕೊಂಡವರು. ಫ್ರಾನ್ಸ್ ಒಂದು ಗೋಲು ಮುಂದಿದ್ದಾಗ, 70ನೆಯ ನಿಮಿಷದಲ್ಲಿ ನಮ್ಮ ರಾಮನ್ನರು ಸಮ ಮಾಡಿದರು. ಒಲಿಂಪಿಕ್ಕಿನಲ್ಲಿ ಭಾರತದ ಕಾಲ್ಚೆಂಡಿನ ಮೊದಲನೆಯ ಗೋಲು ಹೀಗೆ ಮೈಸೂರಿನವರ ಕಾಲಿನಿಂದ ಬಂದಿತು. ಸಿಕ್ಕಿದ ಎರಡು ಪೆನಾಲ್ಟಿಗಳು ವ್ಯರ್ಥವಾದುವು. ಆಟ ಮುಗಿಯಲು ಒಂದೆರಡು ನಿಮಿಷಗಳಿರುವಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಲ್ಲಿ ಗೆದ್ದಿತು. ಸೋತರೂ ಆಂಗ್ಲ ಪ್ರೇಕ್ಷಕರ ಮೆಚ್ಚಿಕೆಯು ಬರಿಗಾಲಿನವರಿಗೆ ದೊರೆಯಿತು.

ಮರುವರ್ಷ ಅಹಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಎಂಬ ಐವರ ಮುಂಚೂಣಿಯನ್ನು ಬಂಗಾಳದ ಜನ ‘ಪಂಚಪಾಂಡವರು’ ಎಂದು ಕರೆದರು. ಆ ಸಂಘವು 1949, 1950, 1951, ಈ ಮೂರು ವರ್ಷಗಳಲ್ಲಿಯೂ ಐ. ಎಫ್. ಎ. ಷೀಲ್ಡನ್ನು ಬಿಡದೆ ಗೆದ್ದಿತು. ಚೆಂಡನ್ನು ತಾವು ಕಂಡಂತೆ ಆಡಿಸುತ್ತಿದ್ದ ಅಹಮದರಿಗೆ ‘ಹಾವಾಡಿಗ’ ಎಂಬ ಬಿರುದು ಬಂದಿತು. 1951ರಲ್ಲಿ ದಿಲ್ಲಿಯ ಪ್ರಥಮ ಏಷ್ಯನ್ ಕ್ರೀಡೆಗಳಲ್ಲಿ ಇರಾನನ್ನು 1–0ರಲ್ಲಿ ಸೋಲಿಸಿ ಸುವರ್ಣ ಪದಕ ಪಡೆದ ತಂಡದಲ್ಲಿಯೂ ಅವರಿದ್ದರು.

ಇಷ್ಟನ್ನು ಹಿಗ್ಗಿನಿಂದ ಬರೆದುಕೊಂಡು, ‘ಬಡ ನಾಡಿನ ಬಾಲಕರು ಬರಿಗಾಲಿನಲ್ಲಿಯೇ ಲೋಕವನ್ನು ಬೆರಗುಗೊಳಿಸಿದರು’ ಎಂಬ ವಾಕ್ಯವನ್ನು ಉಪನ್ಯಾಸಕ್ಕೆಂದು ಸಿದ್ಧಪಡಿಸಿದೆವು. ಬರೆದ ಮೇಲೆ ಲೇಖನಿಯು ಮುಂದೆ ಹೋಗಲಿಲ್ಲ. ಮೂರು ವಾರಗಳ ಹಿಂದೆ ಇದೇ ಮೈದಾನದಿಂದ ಬರಿಗಾಲಿನ ತಪ್ಪಿಗಾಗಿ ಒಬ್ಬಳನ್ನು ಹೊರಗಟ್ಟಿದವರು, ನಾಳೆ ಅದೇ ಮಕ್ಕಳ ಎದುರಿಗೆ ನಿಂತು ಈ ವಾಕ್ಯವನ್ನು ಯಾವ ಬಾಯಿಂದ ಹೇಳುವುದು? ಸತ್ತ ಬಳಿಕ ಹೊಗಳುವುದಕ್ಕೆ ಬರಿಗಾಲು ಚೆನ್ನ, ಕಣ್ಣೆದುರಿಗೆ ಓಡುವ ಬರಿಗಾಲು ಅವಮಾನ ಎಂದಂತಾಗಲಿಲ್ಲವೆ?

ಮರುದಿನ ಸಂಜೆ ಆಟದ ಅಧ್ಯಾಪಕಿಯವರೊಡನೆ ಹಾಡಿಗೆ ಹೋದೆವು. ಬಾಲಿಕೆಯು ನಮ್ಮನ್ನು ಕಂಡು ಗುಡಿಸಿಲಿನ ಹಿಂದಕ್ಕೆ ಸರಿದಳು. ಅವಳ ಅಜ್ಜಿಯು ಒಳಗೆ ಹೋಗಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ನಮ್ಮ ಮುಂದಿಟ್ಟಳು. “ಅಮ್ಮಾವ್ರೆ, ನಿಮ್ ಬೂಟು ತೊಳ್ದು ಮಡಗಿವ್ನಿ. ಒಂದೂ ಹರ್ದಿಲ್ಲ, ನೋಡ್ಕಳಿ. ಹುಡ್ಗಿ ಕಾಲ್ಗೆ ಹಿಡೀನಿಲ್ಲ” ಎಂದಳು. ನಾವು ಬೂಟುಗಳನ್ನು ಹಿಂದಕ್ಕೆ ಪಡೆಯಲು ಬಂದಿರುವೆವೆಂದು ಆಕೆಯು ತಿಳಿದಿದ್ದಳು.

ಆಟದ ಅಧ್ಯಾಪಕಿಯವರು ಬಾಲಿಕೆಯನ್ನು ಕರೆದು ಕೂಡಿಸಿ, ಅವಳ ಪಾದದ ಪಕ್ಕದಲ್ಲಿ ಬೂಟನ್ನಿಟ್ಟರು. ಬೂಟು ನಾಲ್ಕನೆಯ ನಂಬರಿನದು. ಪಾದವು ಬೂಟಿಗಿಂತ ಎರಡು ಬೆರಳು ಉದ್ದ. ಬಾಲ್ಯದಿಂದ ಬರಿಗಾಲಿನಲ್ಲಿ ನಡೆದವರ ಪಾದಕ್ಕಿರುವ ಅಗಲವಂತೂ ಬೇರೆಯೇ. ಹಿಮ್ಮಡಿಯಲ್ಲಿ ಬೊಬ್ಬೆಯೊಡೆದು ಮಾಗಿದ ಕಲೆಯು ಇನ್ನೂ ಕಾಣುತ್ತಿತ್ತು. ನಂಬರುಗಳ ಪಟ್ಟಿಯನ್ನು ಅಂಗಡಿಗೆ ಬರೆದು ಕಳುಹಿಸಿದವರು ನಾವೇ. ಹಾಜರಿ ಪುಸ್ತಕವನ್ನು ತೆರೆದು, ವಯಸ್ಸಿನ ಲೆಕ್ಕದಲ್ಲಿ ಇಂತಿಂತಹವರಿಗೆ ಇಂತಿಂತಹ ನಂಬರೆಂದು ಮೇಜಿನ ಬಳಿ ಕುಳಿತೇ ಬರೆದಿದ್ದೆವು. ಒಬ್ಬಳ ಕಾಲನ್ನಾದರೂ ಅಳೆದಿರಲಿಲ್ಲ.

“ಹೇಳಬಾರದಾಗಿತ್ತೇನಮ್ಮ?” ಎಂದು ಬಾಲಿಕೆಯನ್ನು ಕೇಳಿದೆವು. ಅವಳು ತಲೆ ತಗ್ಗಿಸಿಯೇ, “ಪುಕ್ಸಟ್ಟೆ ಕೊಟ್ಟಿದ್ದು ಮಿಸ್” ಎಂದಳು. ಬಿಟ್ಟಿಯಾಗಿ ಬಂದುದು ಕಚ್ಚುತ್ತದೆಂದು ಹೇಳುವ ಹಕ್ಕು ಪಡೆದವರಿಗಿಲ್ಲವೆಂಬುದನ್ನು ಹದಿಮೂರು ವರ್ಷದ ಕೂಸು ಯಾರಿಂದ ಕಲಿಯಿತು? ನಮ್ಮಂತಹವರಿಂದಲೇ ಅಲ್ಲವೆ? ನಮ್ಮ ತಪ್ಪಾಯಿತೆಂದು ಆ ಅಜ್ಜಿಯ ಮುಂದೆಯೇ ಹೇಳಿದೆವು. ಎಲ್ಲರ ಎದುರಿಗೆ ಆಡಿದ ಮಾತನ್ನು ಎಲ್ಲರ ಎದುರಿಗೇ ಹಿಂದಕ್ಕೆ ಪಡೆಯಬೇಕಾದುದರಿಂದ, ಕ್ರೀಡಾ ದಿನದ ಸಭೆಯಲ್ಲಿ ಅಹಮದ್ ಖಾನರ ಚರಿತ್ರೆಯನ್ನು ಹೇಳುವುದಕ್ಕೆ ಮೊದಲು ಈ ಸಂಗತಿಯನ್ನೂ ಮಕ್ಕಳಿಗೆ ಹೇಳಿದೆವು. ಹೇಳುವಾಗ ನಾಲಗೆ ಒಣಗಿತೆಂಬುದು ನಿಜ. ಬಾಲಿಕೆಯು ಸೆಪ್ಟೆಂಬರಿನ ಮೊದಲ ವಾರದಲ್ಲಿ ಶಾಲೆಗೆ ಬಂದಳು. ತಾಲ್ಲೂಕಿನ ಕ್ರೀಡಾಕೂಟವು ಅಷ್ಟರಲ್ಲಿ ಮುಗಿದಿತ್ತು. ನಮ್ಮ ತಂಡವು ಅವಳಿಲ್ಲದೆ ಹೋಗಿ ಮೊದಲನೆಯ ಪಂದ್ಯದಲ್ಲಿಯೇ ಸೋತು ಬಂದಿತ್ತು.

ಇಲ್ಲಿಗೆ ನಿಲ್ಲಿಸಿದರೆ ಬೂಟೇ ಬೇಡವೆಂಬ ಅರ್ಥವಾದೀತು. ಅದೂ ಸರಿಯಲ್ಲ. ಅಹಮದ್ ಖಾನರ ಚರಿತ್ರೆಯ ಉತ್ತರಾರ್ಧವನ್ನು ಕೂಡ ಹೇಳಬೇಕು. 1950ರ ವಿಶ್ವ ಕಪ್ಪಿಗೆ ಭಾರತವು ಹೋಗದಿದ್ದುದು ಬರಿಗಾಲಿನ ಆಟವನ್ನು ಒಪ್ಪದ ಕಾರಣದಿಂದ ಎಂಬ ಕಥೆಯು ಬಹು ಪ್ರಸಿದ್ಧವಾಗಿದೆ. ಅಭ್ಯಾಸದ ಕೊರತೆ, ದೂರದ ಪ್ರಯಾಣ ಮೊದಲಾದ ಬೇರೆ ಕಾರಣಗಳೂ ಇದ್ದುವು. ಆದರೆ 1952ರ ಹೆಲ್ಸಿಂಕಿಯ ಸಂಗತಿಯು ಕಥೆಯಲ್ಲ. ಆ ಚಳಿಯ ದೇಶದಲ್ಲಿ, ಬಲಿಷ್ಠವಾದ ಯುಗೊಸ್ಲಾವಿಯದ ಎದುರು, ಬಹುಮಟ್ಟಿಗೆ ಬರಿಗಾಲಿನಲ್ಲಿಯೇ ಆಡಿದ ನಮ್ಮವರು 10–1ರಲ್ಲಿ ಸೋತರು. ಆ ಒಂದು ಗೋಲು ಅಹಮದ್ ಖಾನರದೇ. ಹತ್ತು ಗೋಲುಗಳ ಹೊರೆಯ ಕೆಳಗೆ, ಆಟವು ಮುಗಿಯುವ ಗಳಿಗೆಯಲ್ಲಿ, ಇನ್ನೂ ಗೋಲಿನ ಕಡೆಗೆ ಓಡುವ ಮನಸ್ಸು ಇತ್ತಲ್ಲ, ಅದನ್ನು ನಾವು ಪದಕಕ್ಕಿಂತ ಹೆಚ್ಚೆಂದು ಎಣಿಸುತ್ತೇವೆ. ಆ ಸೋಲಿನ ಬಳಿಕ ಭಾರತದಲ್ಲಿ ಬೂಟು ಕಡ್ಡಾಯವಾಯಿತು. ಇಪ್ಪತ್ತೈದು ದಾಟಿದ ಆಟಗಾರರು ಕಾಲಿನ ಅಭ್ಯಾಸವನ್ನು ಬದಲಿಸಿಕೊಳ್ಳಬೇಕಾಯಿತು. ಅಹಮದರು 1959ರವರೆಗೂ ಈಸ್ಟ್ ಬೆಂಗಾಲಿನಲ್ಲಿ ಆಡಿದರು. ಬೆಂಗಳೂರಿನಲ್ಲಿ, 2017ರ ಆಗಸ್ಟ್ 27ರಂದು, ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

“ಆಟದಿಂದ ಹೊಟ್ಟೆ ತುಂಬೀತೆ?” ಎಂದು ಪೋಷಕರಲ್ಲಿ ಹಲವರು ನಮ್ಮನ್ನು ಕೇಳುವುದುಂಟು. ಪ್ರಶ್ನೆಯು ಯೋಗ್ಯವಾದುದು. ವಾಚನಾಲಯದ ಹಳೆಯ ಆಂಗ್ಲ ಪುಸ್ತಕವೊಂದರಲ್ಲಿ ವೇಲ್ಸ್ ದೇಶದ ಬಿಲ್ಲಿ ಮೆರೆಡಿತ್ ಎಂಬವರ ಚಿತ್ರವಿದೆ. 1874ರಲ್ಲಿ ಚರ್ಕ್ ಎಂಬ ಊರಿನಲ್ಲಿ ಹುಟ್ಟಿದ ಈತನು ಹನ್ನೆರಡನೆಯ ವಯಸ್ಸಿಗೇ ಕಲ್ಲಿದ್ದಲಿನ ಗಣಿಗೆ ಇಳಿದವನು. ಕಾಲ್ಚೆಂಡು ಅವನನ್ನು ಆ ಕತ್ತಲಿನಿಂದ ಮೇಲಕ್ಕೆತ್ತಿತು. ಬಾಯಲ್ಲಿ ಹಲ್ಲುಕಡ್ಡಿಯನ್ನು ಕಚ್ಚಿಕೊಂಡೇ ಆಡುತ್ತಿದ್ದ ಈ ಮನುಷ್ಯನು 1904ರ ಎಫ್. ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಗೆಲುವಿನ ಗೋಲನ್ನು ತಂದನು. ವೇಲ್ಸಿನ ಪರವಾಗಿ 48 ಪಂದ್ಯಗಳನ್ನಾಡಿದನು. 1924ರಲ್ಲಿ, 49ನೆಯ ವಯಸ್ಸಿನಲ್ಲಿ, ಕಡೆಯ ದೊಡ್ಡ ಪಂದ್ಯವನ್ನಾಡಿದನು. ಲಂಚದ ಆರೋಪದ ಮೇಲೆ 1905ರಲ್ಲಿ ಆಟದಿಂದ ದೂರವಿರಿಸಲ್ಪಟ್ಟವನೂ ಇವನೇ ಆದುದರಿಂದ ದೇವತೆಯೆಂದು ಹೇಳುವಂತಿಲ್ಲ. ಆ ಕಾಲದಲ್ಲಿ ಎಂತಹ ಆಟಗಾರನಿಗೂ ವಾರಕ್ಕೆ 4 ಪೌಂಡುಗಳಿಗಿಂತ ಹೆಚ್ಚಿನ ಸಂಬಳವನ್ನು ಕೊಡಕೂಡದೆಂದು ಕಟ್ಟಳೆಯಿತ್ತು. ಸಾವಿರಾರು ಜನ ಹಣ ಕೊಟ್ಟು ನೋಡುವ ಆಟದಲ್ಲಿ ಆಡುವವನ ಪಾಲು ಇಷ್ಟೇಕೆ ಎಂದು ಕೇಳಿ, 1907ರಲ್ಲಿ ಆಟಗಾರರ ಸಂಘವನ್ನು ಕಟ್ಟಿದವರಲ್ಲಿ ಮೆರೆಡಿತ್ ಒಬ್ಬನು. ಆದುದರಿಂದ ಪೋಷಕರಿಗೆ ನಾವು ಸುಳ್ಳು ಭರವಸೆ ಕೊಡುವುದಿಲ್ಲ. ಆಟದಿಂದ ಜೀವನ ಮಾಡುವವರು ಎಲ್ಲೆಲ್ಲಿಯೂ ಕೆಲವರೇ.

ಹೆಣ್ಣುಮಕ್ಕಳಿಗಂತೂ ಬಾಗಿಲುಗಳು ತೆರೆದುದು ಬಹು ತಡವಾಗಿ. ಕಾಲ್ಚೆಂಡಿನ ತವರೆನಿಸಿದ ಇಂಗ್ಲೆಂಡಿನಲ್ಲಿಯೇ 1921ರಿಂದ ಐವತ್ತು ವರ್ಷಗಳ ಕಾಲ ಹೆಂಗಸರಿಗೆ ಮುಖ್ಯ ಸಂಸ್ಥೆಯವರ ಮೈದಾನಗಳು ಮುಚ್ಚಿದ್ದುವು. ನಮ್ಮ ದೇಶದಲ್ಲಿ ಹೆಂಗಸರ ರಾಷ್ಟ್ರೀಯ ಲೀಗ್ ಪಂದ್ಯಾವಳಿಯು ಆರಂಭವಾದುದು 2016–17ರಲ್ಲಿ. ತಲೆಬಾಗಿಲಲ್ಲಿ ನಿಂತು ಕೂಗಿದವರು ನಮ್ಮ ತಾಯಿಯವರೊಬ್ಬರೇ ಅಲ್ಲವೆಂದು ಇದನ್ನೆಲ್ಲ ಓದಿದಾಗ ತಿಳಿಯಿತು. ಅವರ ಮೇಲಿದ್ದ ಹಳೆಯ ಮುನಿಸೂ ಕರಗಿತು.

ಆ ವರ್ಷದ ಮಾರ್ಚಿ 4ರಂದು, ಎಂದರೆ 2023ರಲ್ಲಿ, ದೂರದ ರಿಯಾದ್ ನಗರದಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಲ್ಲಿ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ಆ ಸುದ್ದಿಯನ್ನು ಬೆಳಗಿನ ಸಭೆಯಲ್ಲಿ ಓದುವಂತೆ ಹಾಡಿಯ ಆ ಬಾಲಿಕೆಗೆ ಹೇಳಿದೆವು. ಎಂದೂ ಮುಂದೆ ಬಂದು ನಿಲ್ಲದಿದ್ದವಳು ಎರಡು ಕಡೆ ತಡವರಿಸಿದರೂ ಪೂರ್ತಿಯಾಗಿ ಓದಿದಳು.

ಆಗ ಅವಳ ಕಾಲಿನಲ್ಲಿದ್ದುವು ಆರನೆಯ ನಂಬರಿನ ಬೂಟುಗಳು. ದಿನವೂ ಮೊದಲು ಅರ್ಧ ಗಂಟೆ ಬೂಟಿನ ಅಭ್ಯಾಸ, ಆಮೇಲೆ ಇಷ್ಟವಿದ್ದವರಿಗೆ ಬರಿಗಾಲಿನ ಆಟ ಎಂದು ನಿಯಮವನ್ನು ತಿದ್ದಿದ್ದೆವು. ಒಂಬತ್ತನೆಯ ತರಗತಿಯಲ್ಲಿ ಅವಳು ತಂಡದೊಡನೆ ತಾಲ್ಲೂಕಿಗೆ ಹೋದಳು. 2025ರಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದಳು. ಮುಂದೆ ಆಟಗಾರ್ತಿಯಾಗುವಳೋ, ದಾದಿಯಾಗುವಳೋ, ನಮ್ಮಂತೆ ಉಪಾಧ್ಯಾಯಿನಿಯಾಗುವಳೋ, ಈಗಲೇ ಹೇಳುವುದು ನಮ್ಮ ಕೆಲಸವಲ್ಲ. ಅವಳು ಶಾಲೆಯನ್ನು ಬಿಡದೆ ಮುಗಿಸಿದಳೆಂಬುದೇ ಸದ್ಯಕ್ಕೆ ನಮ್ಮ ಪಾಲಿನ ಸಂತೋಷ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ಪ್ರತಿವರ್ಷವೂ ನೀವು ಬಡ ಮಕ್ಕಳಿಗೆಂದು ಉಡುಪು, ಚೀಲ, ಪಾದರಕ್ಷೆಗಳನ್ನು ಪ್ರೀತಿಯಿಂದ ಕಳುಹಿಸುತ್ತಿದ್ದೀರಿ. ಅದಕ್ಕಾಗಿ ಕೃತಜ್ಞರಾಗಿದ್ದೇವೆ. ಇನ್ನು ಮುಂದೆ ಕೊಳ್ಳುವ ಮೊದಲು ನಮಗೊಂದು ಕಾಗದ ಬರೆಯಿರಿ. ಆಟದ ಕೋಣೆಯ ಗೋಡೆಗೆ ಒಂದು ಅಳತೆಯ ಹಲಗೆಯನ್ನು ಹೊಡೆಸಿದ್ದೇವೆ. ಜೂನ್ ತಿಂಗಳಲ್ಲಿ ಒಬ್ಬೊಬ್ಬ ಬಾಲಿಕೆಯನ್ನೂ ಅದರ ಮೇಲೆ ನಿಲ್ಲಿಸಿ, ಅಳತೆಯನ್ನು ನಾವೇ ತೆಗೆದು, ಪಟ್ಟಿಯನ್ನು ನಿಮಗೆ ಕಳುಹಿಸಿಕೊಡುತ್ತೇವೆ.